ಸ್ವಲ್ಪ ಚೆಲ್ಲಿತು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಎರಡು ಕೋಟು, ಗುಂಡಿಗೆ ಹನ್ನೊಂದು ಕಾಜಾ ಹೊಲಿದೆ. ಮಾಸ್ಟರ್ ಗಿರಾಕಿಯ ಅಳತೆ ಕೂಗಿದರು, ನಾನು ಬರೆದುಕೊಂಡೆ. ಮಧ್ಯಾಹ್ನ ಹಲ್ಲುನೋವೆಂದು ಸುಳ್ಳು ಹೇಳಿ ಲ್ಯಾಬಿಗೆ ಹೋದೆ.

ಕೌಂಟರಿನಲ್ಲಿ ಕನ್ನಡಕದ ಹುಡುಗಿ. ನನ್ನ ಹಿಂದೆ ಆರು ಜನ. ಡಾಕ್ಟರ ಚೀಟಿ ಜೇಬಿನಲ್ಲೇ ಇತ್ತು, ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆ ಹುಡುಗಿ ಎಲ್ಲರ ಚೀಟಿಯನ್ನೂ ಗಟ್ಟಿಯಾಗಿ ಓದುತ್ತಿದ್ದಳು. "ಕಫ ಪರೀಕ್ಷೆ! ಯಾರ್ರೀ ಇಲ್ಲಿ ಕಫ?" ನನ್ನದನ್ನೂ ಹಾಗೇ ಓದಿದರೆ...

"ನಿಮ್ದು ಯಾವ ಟೆಸ್ಟು?"

"ಶುಗರ್," ಎಂದೆ.

ತೋಳು ಚಾಚಿದೆ. ರಕ್ತ ತೆಗೆದರು. ಹತ್ತಿ ಒತ್ತಿ ಹಿಡಿದುಕೊಂಡು ಅಂಗಡಿಗೆ ಬಂದೆ.

ಶುಗರ್ ನಾರ್ಮಲ್.

ಮಾರ್ಚ್ 5

ಹೆಂಡತಿಗೆ ಹೇಳಿದೆ. ಬಸ್ ಕಂಡಕ್ಟರ್ ಅವಳು. ದಿನವಿಡೀ ನಿಂತು ಸ್ಟಾಪಿನ ಹೆಸರು ಕೂಗುವವಳು. ತಟ್ಟೆ ಪಕ್ಕಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ರೀ, ಮಗು ಹುಟ್ಟಿದ್ರೆ ಸಕ್ಕರೆ ಅಂತಲೇ ಕರೆಯೋಣ."

ನಕ್ಕು ಮುಗಿದ ಮೇಲೆ ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡಳು. ಮದುವೆಯಾಗಿ ನಾಲ್ಕು ವರ್ಷ. ಅವಳದು ಎಲ್ಲ ಆಗಿದೆ — ರಕ್ತ, ಸ್ಕ್ಯಾನು, ಹೊಟ್ಟೆಯೊಳಗೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ. ಆ ದಿನ ನೋವು ತಡೆಯಲಾರದೆ ಡಿಪೋದ ಬೆಂಚಿನ ಮೇಲೆ ಮಲಗಿಬಿಟ್ಟಿದ್ದಳಂತೆ. ನನಗೆ ಹೇಳಿದ್ದು ಆರು ತಿಂಗಳಾದ ಮೇಲೆ. ಅವಳಲ್ಲಿ ಯಾವ ದೋಷವೂ ಇಲ್ಲ. ಲೇಡಿ ಡಾಕ್ಟರ್ ಬೈದರಂತೆ: "ಮೊದಲೇ ಗಂಡನ್ನ ಕಳಿಸೋದಲ್ವೇನಮ್ಮ? ಅವರದು ಎಷ್ಟು ಸುಲಭದ ಟೆಸ್ಟು!"

ಸುಲಭದ್ದಂತೆ.

ಮಾರ್ಚ್ 11

ಅವಳು ರಜೆ ಹಾಕಿ ಜೊತೆಗೆ ಬಂದಳು. ಚೀಟಿ ತಾನೇ ಕೊಟ್ಟಳು. ಕನ್ನಡಕದ ಹುಡುಗಿ ಬಾಯಿ ತೆರೆಯುವ ಮೊದಲೇ, "ಓದ್ಬೇಡಿ ಮೇಡಂ, ಅದ್ರಲ್ಲೇನಿದೆ ಅಂತ ನಮಗೆ ಗೊತ್ತು."

ಚಿಕ್ಕ ಕೋಣೆ. ಒಂದು ಕುರ್ಚಿ, ಒಂದು ನಲ್ಲಿ, ಚಿಲಕ ಸರಿಯಾಗಿ ಬೀಳದ ಬಾಗಿಲು. ಹೊರಗೆ ಯಾರೋ ಕೆಮ್ಮುತ್ತಿದ್ದರು. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದಿದ್ದೆ. ಎಷ್ಟು ಹೊತ್ತಾಯಿತೋ. ಕೊನೆಗೆ ಡಬ್ಬಿ ಹಿಡಿಯುವಷ್ಟರಲ್ಲಿ... ಮೊದಲಿನದು ನೆಲಕ್ಕೆ. ಉಳಿದದ್ದು ಡಬ್ಬಿಗೆ. ಕರವಸ್ತ್ರದಿಂದ ನೆಲ ಒರೆಸಿದೆ.

ಜೊತೆಗೊಂದು ಫಾರಂ. "ಪೂರ್ತಿ ಸಂಗ್ರಹವಾಗಿದೆಯೇ? ಚೆಲ್ಲಿದ್ದರೆ ತಿಳಿಸಿ." ನಾನು ಓದಿದ್ದು ನಾಲ್ಕನೇ ಕ್ಲಾಸು. ನಿಧಾನವಾಗಿ ಓದಿದೆ. ಅರ್ಥವೂ ಆಯಿತು. ಪೂರ್ತಿ ಎಂದೇ ಗುರುತು ಹಾಕಿದೆ.

ಹೊರಗೆ ಬಂದಾಗ ಬಾಳೆಹಣ್ಣು ಕೊಡಿಸಿದಳು, ಸೂಜಿ ಚುಚ್ಚಿಸಿಕೊಂಡ ಮಗುವಿಗೆ ಕೊಡಿಸುವ ಹಾಗೆ.

ಮಾರ್ಚ್ 13

ರಿಪೋರ್ಟ್ ಬಂತು. ವೀರ್ಯಾಣು ಎರಡು ಮಿಲಿಯನ್. ಮಿಲಿಯನ್ ಎಂದರೆಷ್ಟು ಎಂದು ಮಾಸ್ಟರನ್ನು ಕೇಳಿದೆ. "ಹತ್ತು ಲಕ್ಷ," ಎಂದರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. ಅಂದರೆ ಇಪ್ಪತ್ತು ಲಕ್ಷ! ನನ್ನಂಥವನೊಳಗೆ! ಸಂಜೆವರೆಗೆ ಕಾಲರ್ ಹೊಲಿಯುತ್ತಾ ಸೀಟಿ ಹೊಡೆದೆ.

ಮನೆಯಲ್ಲಿ ಅವಳು ಕೆಳಗಿನ ಸಣ್ಣಕ್ಷರ ಓದಿದಳು. ಕಡಿಮೆಯೆಂದರೂ ಒಂದೂವರೆ ಕೋಟಿ ಇರಬೇಕಂತೆ.

"ಇರ್ಲಿ ಬಿಡ್ರಿ. ಒಳಗೆ ಸೀಟು ಇರೋದು ಒಬ್ರಿಗೇ ತಾನೆ? ಮಿಕ್ಕವರೆಲ್ಲ ಫುಟ್‌ಬೋರ್ಡಿನವರು."

ನಗು ಬರಲಿಲ್ಲ. ಚೆಲ್ಲಿದ್ದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಮಾರ್ಚ್ 17, ಭಾನುವಾರ

ಅಮ್ಮ ಬಂದಿದ್ದಳು, ಅಣ್ಣನ ಮನೆಯಿಂದ. ಭಾನುವಾರ ತಪ್ಪಿಸುವುದಿಲ್ಲ. ಕಿವಿ ಮಂದ. ಮೆಷಿನ್ ಕೊಡಿಸಿದ್ದೇವೆ, ಕಿವಿಯೊಳಗೆ ಇರುವೆ ಹರಿದ ಹಾಗಾಗುತ್ತದೆ ಎಂದು ಹಾಕಿಕೊಳ್ಳುವುದಿಲ್ಲ.

"ಡಾಕ್ಟರ್ ಏನಂದ್ರು?"

ನಾನು ತಟ್ಟೆ ನೋಡಿದೆ. ಹೆಂಡತಿ ನನ್ನನ್ನು ನೋಡಿದಳು. ಆಮೇಲೆ ಬಸ್ಸಿನ ಗಂಟಲಲ್ಲಿ: "ನನ್ನಲ್ಲೇ ಏನೋ ಸ್ವಲ್ಪ ತೊಂದ್ರೆ ಅಂತೆ ಅತ್ತೆ!"

ಅಮ್ಮ ಕೆಟ್ಟವಳಲ್ಲ. ಸೊಸೆಗೆ ಏನೂ ಅನ್ನಲಿಲ್ಲ. ಹೊರಡುವಾಗ ಮಾತ್ರ ನನ್ನ ಬೆನ್ನು ಸವರಿ, "ಪಾಪ ಕಣೋ ನೀನು," ಎಂದಳು. ಹೆಂಡತಿಯ ಮುಂದೆಯೇ.

ಬಾಗಿಲು ಹಾಕಿದ ಮೇಲೆ ಕೇಳಿದೆ, ಯಾಕೆ ಹಾಗೆ ಹೇಳಿದೆ?

"ನೀವು ಆ ತಟ್ಟೆಯೊಳಗೆ ಮುಳುಗಿ ಹೋಗ್ತಿದ್ರಲ್ಲ. ನಂಗೇನು, ದಿನಾ ಬಸ್ಸಲ್ಲಿ ಬೈಸ್ಕೊಂಡು ಅಭ್ಯಾಸ."

ಆಚೆ ತಿರುಗಿ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಏಪ್ರಿಲ್ 9

ಗಂಡಸರ ಡಾಕ್ಟರ್. ವಯಸ್ಸಾದವರು. ಪ್ರಶ್ನೆ ಮೇಲೆ ಪ್ರಶ್ನೆ. ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ? ಮಂಗನಬಾವು? ಪೆಟ್ಟು? ಬೀಡಿ, ಸಿಗರೇಟು? ಮೈ ಬೆಳೆಸುವ ಇಂಜೆಕ್ಷನ್ನು? — ಈ ಕಡ್ಡಿಯಂಥ ಮೈ ನೋಡಿ ಅವರೇ ನಕ್ಕು ಅದನ್ನು ಹೊಡೆದುಹಾಕಿದರು. ಎಲ್ಲಕ್ಕೂ ತಲೆ ಅಲ್ಲಾಡಿಸಿದೆ.

ರಿಪೋರ್ಟ್ ಎತ್ತಿಕೊಂಡರು. ಹೇಳಲು ಬಾಯಿ ಬರಲಿಲ್ಲ. ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಈ ಪುಸ್ತಕದ ಮೂಲೆಯಲ್ಲಿ ಬರೆದು, ಹರಿದು ಅವರ ಮುಂದಿಟ್ಟೆ. "ಸ್ವಲ್ಪ ಚೆಲ್ಲಿತು."

ಓದಿದರು. ಕನ್ನಡಕ ಮೇಲೇರಿಸಿದರು. "ಮೊದಲಿಂದಾ, ಕೊನೇದಾ?"

"ಮೊದಲಿಂದು."

"ಜಾಸ್ತಿ ಇರೋದೇ ಅದ್ರಲ್ಲಿ ಮಾರಾಯ! ಈ ಕಾಗದ ನಂಬ್ಕೊಂಡು ನಾನು ಚಿಕಿತ್ಸೆ ಶುರು ಮಾಡಿದ್ರೆ? ಹೇಗಿದ್ರೂ ಒಂದೇ ಸಲ ನೋಡಿ ನಾನು ಏನೂ ಹೇಳೋನಲ್ಲ. ಮತ್ತೆ ಕೊಡು. ಈ ಸಲ ಬಾಗಿಲು ಬೇಡ, ಡಬ್ಬಿ ಹಿಡ್ಕೋ."

ಬಾಗಿಲಿನ ವಿಷಯ ಅವರಿಗೆ ಹೇಗೆ ಗೊತ್ತು? ಎಲ್ಲರೂ ಹಿಡಿದುಕೊಳ್ಳುತ್ತಾರೇನೋ.

ಪಕ್ಕದಲ್ಲಿದ್ದ ಹೆಂಡತಿ ನನ್ನ ತೊಡೆ ಜಿಗುಟಿದಳು, ನೀಲಿಗಟ್ಟುವ ಹಾಗೆ. ನಾಲ್ಕು ವಾರ ಬಚ್ಚಿಟ್ಟಿದ್ದಕ್ಕೆ.

ಏಪ್ರಿಲ್ 24

ಎರಡನೇ ರಿಪೋರ್ಟ್. ಪೂರ್ತಿ ಕೊಟ್ಟಿದ್ದೆ. ಐದು ಮಿಲಿಯನ್. ಹೆಚ್ಚಾಗಿದೆ, ಆದರೂ ಕಡಿಮೆಯೇ.

ಡಾಕ್ಟರ್ ಪರದೆಯ ಹಿಂದೆ ನಿಲ್ಲಿಸಿದರು. ಕೈಯಲ್ಲೊಂದು ಮಣಿಸರ. ಜಪಕ್ಕಲ್ಲ. ಮೊಟ್ಟೆಯಾಕಾರದ ಮಣಿಗಳು, ಚಿಕ್ಕದರಿಂದ ದೊಡ್ಡದಕ್ಕೆ, ಒಂದೊಂದರ ಮೇಲೂ ನಂಬರು. ನನ್ನ ಬೀಜಗಳನ್ನು ಅದರ ಜೊತೆ ಹೋಲಿಸಿ ಅಳತೆ ಕೂಗಿದರು, ನರ್ಸ್ ಪರದೆಯಾಚೆ ಬರೆದುಕೊಂಡಳು. ಎಡ ಹದಿನೆಂಟು. ಬಲ ಎಂಟು. ನಾಚಿಕೆ ಮರೆತು ನೋಡುತ್ತಾ ನಿಂತೆ. ಇಷ್ಟು ದಿನ ಬರೆದುಕೊಳ್ಳುವವನಾಗಿದ್ದೆ, ಇವತ್ತು ಗಿರಾಕಿಯಾದೆ.

ಬಲಗಡೆ ತೊಡೆಯ ಸಂದಿಯ ಹಳೇ ಗೀರಿನ ಮೇಲೆ ಬೆರಳಿಟ್ಟರು. "ಇದೇನು?"

"ಚಿಕ್ಕವನಿದ್ದಾಗ ಬೇಲಿಯ ತಂತಿ ತರಚಿದ್ದಂತೆ."

"ತಂತಿ ಇಷ್ಟು ನೇರವಾಗಿ ಹರಿಯಲ್ಲಪ್ಪ. ನೀನು ದರ್ಜಿ ತಾನೆ? ನೀನೇ ನೋಡು."

ನೋಡಿದೆ. ಇಷ್ಟು ವರ್ಷ ಸ್ನಾನ ಮಾಡಿದ್ದೇನೆ, ನೋಡಿರಲಿಲ್ಲ. ಹೊಲಿಗೆ. ಸಣ್ಣ ಸಮನಾದ ಟಾಕುಗಳು.

ಕೂರಿಸಿ ಹೇಳಿದರು. ಕೆಲವು ಮಕ್ಕಳಲ್ಲಿ ಹುಟ್ಟುವಾಗ ಒಂದು ಬೀಜ ಕೆಳಗೆ ಇಳಿದಿರುವುದಿಲ್ಲ, ಒಳಗೇ ಇರುತ್ತದೆ. ಅಲ್ಲಿ ಬಿಸಿ ಹೆಚ್ಚು. ಆಪರೇಷನ್ ಮಾಡಿ ಇಳಿಸಬೇಕು, ಬೇಗ. ತಡವಾದಷ್ಟೂ ಪೆಟ್ಟು. ನಿನ್ನದೂ ಹಾಗೇ ಇರಬಹುದು.

"ಯಾವ ವಯಸ್ಸಲ್ಲಿ ಮಾಡಿದ್ರು ಅಂತ ಬೇಕು. ರಕ್ತದಲ್ಲಿ ಹಾರ್ಮೋನ್ ನೋಡೋಣ, ಸ್ಕ್ಯಾನ್ ಮಾಡೋಣ. ದಾರಿ ಮುಚ್ಚಿಲ್ಲ. ಮೊದಲು ಅಮ್ಮನ್ನ ಕೇಳ್ಕೊಂಡು ಬಾ."

ಅಮ್ಮನನ್ನು ಕೇಳಬೇಕಾದರೆ ಯಾಕೆಂದು ಹೇಳಬೇಕು. ಹೇಳಿದರೆ ತೊಂದರೆ ಯಾರದೆಂದು ಗೊತ್ತಾಗುತ್ತದೆ.

"ನಾನು ಕೇಳ್ಲಾ?" ಎಂದಳು ಹೆಂಡತಿ, ಬಸ್ಸಿನಲ್ಲಿ. ಬೇಡವೆಂದೆ. ಈ ಒಂದನ್ನು ಅವಳ ಬಾಯಲ್ಲಿ ಹೇಳಿಸಬಾರದು.

ಏಪ್ರಿಲ್ 28, ಭಾನುವಾರ

ಹೇಳಲಿಲ್ಲ.

ಮೇ 5, ಭಾನುವಾರ

ಬಾಯಿ ತೆರೆದೆ. "ಏನೋ, ಹಸಿವಾ?" ಎಂದಳು ಅಮ್ಮ. ಹೂಂ ಎಂದೆ. ಎರಡನೇ ಸಲ ಊಟ ಮಾಡಿದೆ.

ಮೇ 12, ಭಾನುವಾರ

ಇವತ್ತು ಅಮ್ಮ ಸೊಸೆಗೆ ಹೇಳಿದಳು, ಪ್ರೀತಿಯಿಂದಲೇ, "ಇನ್ನೊಬ್ಬ ಡಾಕ್ಟರಿಗೆ ತೋರಿಸ್ಕೊಳ್ಳಮ್ಮ. ಆ ಎಕ್ಸ್‌ರೇ ಇನ್ನೊಂದು ಸಲ ತೆಗೆಸು."

ಅವಳು ತಲೆಯಾಡಿಸಿದಳು. ತೆಗೆಸಿಯೂ ಬಿಡುತ್ತಾಳೆ, ನನಗೆ ಗೊತ್ತು.

"ಅಮ್ಮ, ಅವಳದಲ್ಲ. ನನ್ನದು."

"ಏನು ನಿಂದು?"

"ತೊಂದ್ರೆ."

"ಯಾರು ತೊಂದ್ರೆ ಕೊಟ್ರು? ನಿಮ್ಮ ಮಾಸ್ಟರಾ?"

"ಅಲ್ಲಮ್ಮ..."

"ಗಟ್ಟಿಯಾಗಿ ಹೇಳೋ. ಸೊಳ್ಳೆ ಹಾಗೆ ಗುಂಯ್ ಅಂತೀಯ."

ಹೆಂಡತಿ ಬಾಯಿ ತೆರೆದಳು. ಕೈ ಎತ್ತಿ ತಡೆದೆ. ಎದ್ದು ನಿಂತೆ. ಕೂತು ಹೇಳುವಂಥದ್ದಲ್ಲ.

"ನನ್ನ ವೀರ್ಯಾಣು ಕಡಿಮೆ ಇದೆ ಅಮ್ಮಾ! ನನ್ನದು! ಅವಳಲ್ಲಿ ಏನೂ ದೋಷ ಇಲ್ಲ!"

ಪಕ್ಕದ ಮನೆಯ ರೇಡಿಯೋ ನಿಂತುಹೋಯಿತು.

ನಿಂತ ಕಾಲಲ್ಲೇ ಗೀರಿನ ವಿಷಯವನ್ನೂ ಕೂಗಿ ಕೇಳಿದೆ. ಅಮ್ಮ ಬಹಳ ಹೊತ್ತು ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು.

"ತಂತಿ ಅಲ್ಲ ಮಗಾ. ಹುಟ್ಟಿದಾಗ್ಲೇ ಹೇಳಿದ್ರು, ವರ್ಷದೊಳಗೆ ಕರ್ಕೊಂಡು ಬನ್ನಿ ಅಂತ. ಹೋದೆ. ಸಾಲಲ್ಲಿ ಕೂತೆ. ಪಕ್ಕದೋರು ಕೇಳ್ತಾರೆ, ಮಗೂಗೇನು ಅಂತ. ಏನಂತ ಹೇಳ್ಲಿ? ಮುಖ ಸುಡ್ತು. ಎದ್ದು ಬಂದ್ಬಿಟ್ಟೆ. ಮೂರು ವರ್ಷ ತುಂಬಿದ ಮೇಲೆ ನಿಮ್ಮಪ್ಪ ಗದರಿಸಿ ಕರ್ಕೊಂಡು ಹೋದ್ರು."

ಅಮ್ಮ ಸೊಸೆಯ ಕೈ ಹಿಡಿದುಕೊಂಡಳು. "ಅವನ್ನ ಪಾಪ ಅಂದ್ನಲ್ಲ ಅವತ್ತು, ನಿನ್ನ ಮುಂದೆ..."

"ಪಾಪಾನೇ ಬಿಡಿ ಅತ್ತೆ," ಎಂದಳು ಇವಳು, ಕಣ್ಣು ಒರೆಸಿಕೊಳ್ಳುತ್ತಾ. "ನನ್ನನ್ನ ಕಟ್ಕೊಂಡಿದಾರಲ್ಲ."

ಮೇ 13, ಬೆಳಿಗ್ಗೆ 9.40, ಡಾಕ್ಟರ ಕೋಣೆಯ ಹೊರಗೆ

ಅಮ್ಮನೂ ಬಂದಿದ್ದಾಳೆ. ತಾನೇ ಹೇಳುತ್ತಾಳಂತೆ. ಸರದಿ ಬರುವವರೆಗೆ ತಡೆಯಲಾರದೆ ಪಕ್ಕದ ಹೆಂಗಸಿಗೆ ಶುರು ಮಾಡಿದ್ದಾಳೆ. ತನಗೆ ಕೇಳುವಷ್ಟು ಗಟ್ಟಿಯಾಗಿ. "ಬಲಗಡೆಯದು ಕಣಮ್ಮಾ! ಮೂರು ವರ್ಷ! ತಪ್ಪು ನಂದೇ!" ಇಡೀ ಬೆಂಚು ನನ್ನನ್ನು ನೋಡುತ್ತಿದೆ. ಹೆಂಡತಿಗೆ ನಗು ತಡೆಯಲಾಗುತ್ತಿಲ್ಲ, ನನ್ನ ಹೆಗಲಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ನನ್ನ ಕಿವಿ ಕಾದ ಇಸ್ತ್ರಿಪೆಟ್ಟಿಗೆ.

ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ.

ಎದುರು ಬೆಂಚಿನಲ್ಲಿ ಒಬ್ಬರು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯೊಳಗಿಟ್ಟುಕೊಂಡವರು, ಈ ಕಡೆ ಬಂದು ಕೂತರು. ಬಗ್ಗಿ, ಉಸಿರಿನಲ್ಲಿ ಕೇಳಿದರು: "ನಿಮ್ದೂ ಅದೇನಾ?"

"ಹೌದು," ಎಂದೆ.

ಮುಷ್ಟಿ ಸ್ವಲ್ಪ ಸಡಿಲವಾಯಿತು. ಮತ್ತೇನೋ ಕೇಳಬೇಕೆಂದಿದ್ದಾರೆ. ಪೆನ್ಸಿಲ್ ಕೆಳಗಿಟ್ಟು ಅವರ ಜೊತೆ ಮಾತಾಡಬೇಕು.