ಅಳತೆ ದಿಬ್ಬದ ಮೇಲೆ ನಾಲ್ಕು ಮೊಟ್ಟೆ

ಏಪ್ರಿಲ್ 22, 1973. ಬೆಳಿಗ್ಗೆ 7
ತಿಕೋಟಾ ಆಚೆಯ ಕೆರೆ. ನೀರು ನಡುವೆ ಅಂಗಳದಷ್ಟು ಉಳಿದಿದೆ. ಬೆಳ್ಳಕ್ಕಿ ಹದಿನಾಲ್ಕು, ಮೆಟ್ಟುಗಾಲು ಹಕ್ಕಿ ಆರು. ಆಮೇಲೆ ಹಾಜರಿ — ಬರಗಾಲದ ಕಾಮಗಾರಿಯಲ್ಲಿ ಹೂಳೆತ್ತುವವರು ನಲವತ್ತೊಂದು. ಸರ್ಕಾರ ನನ್ನನ್ನು ಇಟ್ಟಿರುವುದು ಜನರನ್ನು ಎಣಿಸಲು. ನಾನು ಮೊದಲು ಎಣಿಸುವುದು ಹಕ್ಕಿ.

ಹೂಳೆತ್ತುವ ಸಕ್ರವ್ವನ ಗ್ಯಾಂಗಿನ ಅಳತೆ ದಿಬ್ಬದ ಮೇಲೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ! ಎಷ್ಟು ಆಳ ಅಗೆದರೆಂದು ತಿಳಿಯಲು ಅಗೆಯದೆ ಬಿಡುವ ದಿಬ್ಬ ಅದು. ಅಳತೆ ಮುಗಿದ ದಿನವೇ ಕೆಡವುತ್ತಾರೆ. ಮರಿಯಾಗಲು ನಾಲ್ಕು ವಾರ ಬೇಕು. ಅಲ್ಲಿಯತನಕ ಅಳತೆಗೆ ಓವರ್ಸಿಯರ್ ಬಾರದಿರಲಿ, ಯಾ ಅಲ್ಲಾ.

ಮೇ 2
ಸುಡು ಬಿಸಿಲು. ಹಕ್ಕಿ ನೀರಲ್ಲಿ ಹೊಟ್ಟೆ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತಿದೆ. ನೋಡುತ್ತ ನಿಂತು ಹಾಜರಿಯಲ್ಲಿ ಇಬ್ಬರನ್ನು ಬಿಟ್ಟೆ. ಬೈಸಿಕೊಂಡೆ.

ಮೇ 13. ಸಂಜೆ, ತೊರವಿಯ ಮನೆ
ಓವರ್ಸಿಯರ್ ಗುರಲಿಂಗಪ್ಪನವರು ಬಬಲೇಶ್ವರದ ಕೆಲಸ ಮುಗಿಸಿ ನಾಳೆ ನಮ್ಮ ಕೆರೆಗೆ. ಮರಿಗೆ ಇನ್ನೂ ಐದಾರು ದಿನ. ಊಟ ಸೇರಲಿಲ್ಲ. ನನ್ನಾಕೆ ಮದೀನಾಬಿ ಬಿಡಲಿಲ್ಲ — "ಹಕ್ಕಿ ತತ್ತಿಗೆ ಇಷ್ಟ್ ಮರಗ್ತೀರಿ. ನಾ ಹಡಿಯೋ ಮುಂದ ಎಲ್ಲಿದ್ರಿ?" ಖರೆ. ಕೆರೆಯಲ್ಲಿದ್ದೆ.

ಮೇ 14
ಬಿಸಿಗಾಳಿ ತಾಗದಿರಲೆಂದು ಸಕ್ರವ್ವ ಮೊಟ್ಟೆಗಳ ಸುತ್ತ ಮಣ್ಣಿನ ಹೆಂಟೆ ಜೋಡಿಸಿದ್ದಾಳೆ. ದಿಬ್ಬ ಗೇಣುದ್ದ ಎತ್ತರವಾಗಿದೆ! ಅಗೆತ ಹೆಚ್ಚು ತೋರಿಸಲು ಕಳ್ಳರು ಮಾಡುವುದೇ ಇದು. ಓವರ್ಸಿಯರ್ ಕೆಂಡವಾದರು.

"ಮಣ್ಣ ಏರಿಸಿ ಮೋಸ ಮಾಡ್ತೀರೇನ್? ಕೆಡವ್ರಿ ಅದನ್ನ!"

ಸಕ್ರವ್ವ ಅಡ್ಡ ನಿಂತಳು. "ಯಪ್ಪಾ, ಹೆಂಟಿ ನಾ ಇಟ್ಟೀನಿ. ತತ್ತಿ ಹಕ್ಕಿ ಇಟ್ಟೈತಿ, ಹಳೀ ಹುಲ್ಲಿನ ನೆಲದ ಮ್ಯಾಲ. ತತ್ತಿ ಬಾಜೂಕ ಟೇಪ್ ಹಿಡೀರಿ. ನಾವ್ ಹೇಳಿದ ಮೂರ ಅಡಿಗೆ ಬೆರಳಷ್ಟ ಹೆಚ್ಚ ಕಮ್ಮಿ ಆದ್ರ ಹಾಜರಿಯಾಗ ನನ್ನ ಹೆಸರ ಹೊಡದ ಹಾಕ್ರಿ."

ಹಕ್ಕಿ ಕಿರುಚುತ್ತ ಅವರ ತಲೆಗೆ ಎರಗಿತು. ಅವರು ಟೇಪು ಬಿಡಲಿಲ್ಲ. ಹುಲ್ಲಿನಿಂದ ಕೆಳಕ್ಕೆ ಮೂರು ಅಡಿ. ಸರಿಯಾಗಿತ್ತು.

"ಅಳತಿ ಆತು. ಕೆಡವೋದು... ಮುಂದಿನ ವಾರ ನೋಡೂಣು," ಎಂದು ಸೈಕಲ್ ಏರಿದರು. ಅತ್ತುಬಿಟ್ಟೆ. ಇಲ್ಲಿ ಬರೆಯಲು ನಾಚಿಕೆಯೇನು.

ಮೇ 19. 11 ಗಂಟೆ
ಕೆರೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಗುದ್ದಲಿಗಳೆಲ್ಲ ನಿಂತಿವೆ. ನಾಲ್ಕೂ ಮರಿಯಾಗಿವೆ! ಹತ್ತಿ ಉಂಡೆಗೆ ಕಾಲು ಬಂದಂತಿವೆ. ತಾಯಿ ಕೆಳಗಿನಿಂದ ಕರೆಯುತ್ತಿದೆ. ಒಂದು ಧುಮುಕಿತು, ಉರುಳಿತು, ಎದ್ದು ಓಡಿತು. ಎರಡು. ಮೂರು... ನಾಲ್ಕನೆಯದು ಅಂಚಿಗೆ ಬಂದು ಹಿಂದೆ ಸರಿಯುತ್ತದೆ. ಸಕ್ರವ್ವ ಕೆಳಗೆ ಸೆರಗೊಡ್ಡಿ ನಿಂತಿದ್ದಾಳೆ. "ಬಾರಲೇ ಮಗನ, ನಾ ಅದೀನಿ..."

ಮತ್ತೆ ಅಂಚಿಗೆ ಬಂತು —