ಕ್ರೋಂಪೇಟೆಯ ಸೂರ್ಯೋದಯಕ್ಕೆ ತಮ್ಮ ಸಹಿ ಬೇಕು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ಏಪ್ರಿಲ್‌ನಲ್ಲಿ ತಾವು ನಮ್ಮ ಮನೆಗೆ ಬಂದು, ನನ್ನ ಮಗಳು ಸುಮೇಧಾಳ ಆರು ನೋಟುಬುಕ್ಕುಗಳ ಮೇಲೆ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದಿರಿ. ಆ ಆರೂ ಸುಳ್ಳು. ಅವಳು ನಿಜವಾಗಿ ಕಲಿತದ್ದು ಆ ಹೊತ್ತಿನಲ್ಲಿ ತಮ್ಮ ತಲೆಯ ಮೇಲಿನ ಅಟ್ಟದಲ್ಲಿತ್ತು. ಅಲ್ಲಿ ಬಚ್ಚಿಟ್ಟವನು ನಾನೇ. ಇದನ್ನು ತಮಿಳಿನಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ತಮಗೆ ಬರೆದಾಯಿತು. ಉತ್ತರವಿಲ್ಲ. ಹೇಗೂ ಓದುವುದಿಲ್ಲವೆಂದ ಮೇಲೆ ಮನೆಮಾತಿನಲ್ಲೇ ಬರೆದರೆ ನಷ್ಟವೇನು ಎಂದು ಚೆನ್ನೈ ಕನ್ನಡಿಗರ ಈ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

2001ರಲ್ಲಿ, ಮೂರನೇ ತರಗತಿಯ ನಡುವೆ, ಅವಳನ್ನು ಶಾಲೆಯಿಂದ ಬಿಡಿಸಿದೆವು. ದಿನಾ ಬೆಳಿಗ್ಗೆ ಸಮವಸ್ತ್ರ ಕಂಡರೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮನೆಯಲ್ಲೇ ತನ್ನ ಪಾಡಿಗೆ ಕಲಿಯಲಿ ಎಂದದ್ದು ನನ್ನ ಹೆಂಡತಿ ಶ್ರೀಪ್ರಿಯಾ. ನಾನು ಹೂಂ ಎಂದೆ, ನಂಬಲಿಲ್ಲ. ಗಿಂಡಿಯ ಆಫೀಸಿನಿಂದ ಬಂದವನೇ, ಇವತ್ತು ಏನು ಕಲಿತೆ ಎಂದು ಕೇಳುವುದು, ಅವಳು ಏನೂ ಇಲ್ಲ ಎನ್ನುವುದು, ನಾನು ಮುಖ ಊದಿಸಿಕೊಳ್ಳುವುದು. ಒಂದು ವರ್ಷ ಇದೇ ನಡೆಯಿತು. ಕದ್ದು ಮಗ್ಗಿ ಕೇಳಿ ನೋಡಿದೆ. ಏಳೆಂಟಲಕ್ಕೆ ತಡವರಿಸಿದಳು. ಆಗ ನಾನೂ ತಮ್ಮ ಇಲಾಖೆಯವನೇ ಆಗಿದ್ದೆ, ಸಂಬಳ ಒಂದು ಬರುತ್ತಿರಲಿಲ್ಲ.

ನನ್ನ ತಾಯಿ ವೆಂಕಟಲಕ್ಷ್ಮಿಗೆ ಕಣ್ಣು ಮಂಜು. ಏಕಾದಶಿಯ ದಿನ ಹನಿ ನೀರನ್ನೂ ಮುಟ್ಟದೆ, ಮರುದಿನ ದ್ವಾದಶಿಯಂದು ಸೂರ್ಯೋದಯವಾದ ಮೇಲೆ ಪಾರಣೆಯ ಊಟ ಮಾಡುವವರು. ಸೂರ್ಯೋದಯ ಎಷ್ಟು ಗಂಟೆಗೆಂದು ಪಂಚಾಂಗ ಓದಿ ಹೇಳುವ ಕೆಲಸ ಸುಮೇಧಾಳದು. ನಾವು ಮದರಾಸಿಗೆ ಬಂದು ಮೂರು ತಲೆಮಾರಾದರೂ ಪಂಚಾಂಗ ಮಾತ್ರ ಉಡುಪಿಯಿಂದಲೇ ಬರಬೇಕು. ಒಂದು ದ್ವಾದಶಿ, ಪಂಚಾಂಗದ ಹೊತ್ತು ಇನ್ನೂ ಆಗಿಲ್ಲ, ಆದರೆ ತಾರಸಿಯ ಮೇಲೆ ಒಗೆದ ಬಟ್ಟೆಗೆಲ್ಲ ಬಿಸಿಲು ಬಿದ್ದಿದೆ ಎಂಬುದನ್ನು ಅವಳು ಕಂಡಳು. ಯಾರಿಗೂ ಏನೂ ಹೇಳಲಿಲ್ಲ. ಅಂದಿನಿಂದ ಒಂದು ವರ್ಷ, ದಿನವೂ ಮೇಜಿನ ಗಡಿಯಾರ ಹಿಡಿದು ತಾರಸಿಗೆ ಹೋಗಿ, ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಸೂರ್ಯ ಕಂಡ ಹೊತ್ತು ಬರೆದಳು. ಪಕ್ಕದಲ್ಲಿ ಪಂಚಾಂಗದ ಹೊತ್ತು. ಮೋಡದ ದಿನಕ್ಕೆ ಒಂದು ಸೊನ್ನೆ. ವರ್ಷ ಮುಗಿದ ಮೇಲೆ ಭೂಪಟ ತೆರೆದು ತೋರಿಸಿದಳು. “ಸೂರ್ಯ ಫಸ್ಟ್ ನಮ್ಮೂರಿಗೆ ಬರ್ತಾನಪ್ಪಾ. ಇಪ್ಪತ್ತೆರಡು ನಿಮಿಷ ಆದ್ಮೇಲೆ ಉಡುಪಿಗೆ ಹೋಗ್ತಾನೆ.”

ಅಮ್ಮ ಲೆಕ್ಕ ಹಾಕಿ, ನಲವತ್ತು ವರ್ಷ ಪ್ರತಿ ಏಕಾದಶಿಗೂ ಇಪ್ಪತ್ತೆರಡು ನಿಮಿಷ ಹೆಚ್ಚಿಗೆ ಉಪವಾಸ ಮಾಡಿದೆನಲ್ಲ ಎಂದು ನಕ್ಕರು. ಅಂದಿನಿಂದ ಮೊಮ್ಮಗಳು ಹೇಳಿದ ಹೊತ್ತಿಗೇ ಪಾರಣೆ. ಹತ್ತು ವರ್ಷದ ಹುಡುಗಿಯ ಮಾತಿಗೆ ನೇಮನಿಷ್ಠೆಯ ಮುದುಕಿ ತಲೆಬಾಗಿದ್ದನ್ನು ನೋಡಿದ ದಿನ, ‘ಏನು ಕಲಿತೆ’ ಎಂದು ಅವಳನ್ನು ಕೇಳುವುದನ್ನು ನಾನು ಬಿಟ್ಟೆ. ನನ್ನ ಜೀವನದಲ್ಲಿ ನಾನು ನಿಜವಾಗಿ ಕಲಿತದ್ದು ಅದೊಂದೇ ಇರಬೇಕು.

ಅಷ್ಟರಲ್ಲಿ ತಮ್ಮ ನೋಟೀಸು ಬಂತು. ಹತ್ತು ದಿನದಲ್ಲಿ ಪರಿಶೀಲನೆ. ಕಲಿತದ್ದೆಲ್ಲ ಬೆವರಿನಲ್ಲಿ ಇಳಿದುಹೋಯಿತು. ಪ್ಯಾರೀಸ್ ಕಾರ್ನರಿಗೆ ಓಡಿ ಗೆರೆ ಹಾಕಿದ ನೋಟುಬುಕ್ಕು ತಂದು, ಹಳೆಯ ತಾರೀಖು ಹಾಕಿಸಿ, ಪಠ್ಯಪುಸ್ತಕ ನೋಡಿ ಅವಳ ಕೈಯಲ್ಲಿ ಬರೆಸಿದೆ. ಎಣ್ಣೆಯ ಕಲೆಯ ಕ್ಯಾಲೆಂಡರ್ ಹಾಳೆಗಳನ್ನು ನೋಡಿ ತಾವು ನಕ್ಕುಬಿಟ್ಟರೆ ಎಂಬ ಹೆದರಿಕೆಗೆ ಅಟ್ಟಕ್ಕೆ ಹಾಕಿದೆ. ತಾವು ಕಾಫಿ ಕುಡಿದಿರಿ, ಅಕ್ಷರ ದುಂಡಗಿದೆ ಎಂದಿರಿ, ಮಗುವನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲವೂ ತೃಪ್ತಿಕರವಾದರೂ ಮೂರನೇ ತರಗತಿ ಮುಗಿಸಿದ ಕಾಗದವಿಲ್ಲವೆಂದು ಹನ್ನೊಂದರ ಹುಡುಗಿಯನ್ನು ಎಂಟು ವರ್ಷದವರ ಜೊತೆ ಕೂರಿಸಲು ಆದೇಶ ಬರೆದಿರಿ. ಯಾವುದನ್ನು ಪರಿಶೀಲಿಸಿದಿರಿ, ಸ್ವಾಮಿ? ಮಗುವನ್ನೋ, ಗೆರೆಗಳನ್ನೋ?

ತಾವು ಮೆಟ್ಟಿಲಿಳಿದ ಮೇಲೆ ಅವಳು ಕೇಳಿದಳು, ನಿಜವಾದದ್ದನ್ನು ಯಾಕೆ ತೋರಿಸಲಿಲ್ಲವೆಂದು. ಅವರಿಗೆ ಅರ್ಥವಾಗುವುದಿಲ್ಲ ಎಂದೆ. “ನಿಂಗೆ ಅರ್ಥ ಆಗಿತ್ತಲ್ಲಪ್ಪಾ. ಮತ್ತೆ ನೀನ್ಯಾಕೆ ಒಳಗಿಟ್ಟೆ?”

ಜೂನ್‌ನಿಂದ ಶಾಲೆಗೆ ಹೋಗುತ್ತಿದ್ದಾಳೆ. ಈಗ ವಾಂತಿಯಿಲ್ಲ. ಏನು ಹೇಳಿಕೊಟ್ಟರೂ, ಇದು ಪರೀಕ್ಷೆಗೆ ಬರುತ್ತಾ ಎಂದು ಮಾತ್ರ ಕೇಳುತ್ತಾಳೆ. ಹೋದ ವಾರ ದ್ವಾದಶಿ. ಅಮ್ಮ ಹೊತ್ತು ಕೇಳಿದರು. ಸಮವಸ್ತ್ರ ಹಾಕಿಕೊಂಡು ನಿಂತಿದ್ದವಳು ಪಂಚಾಂಗ ತೆರೆದು, “ಆರು ಇಪ್ಪತ್ತು ಅಂತ ಪ್ರಿಂಟ್ ಆಗಿದೆ ಅಜ್ಜಿ” ಎಂದಳು. ಅಮ್ಮ ಅಗಸೆ ಸೊಪ್ಪಿನ ಪಲ್ಯ ಬಡಿಸಿದ ಎಲೆಯ ಮುಂದೆ ಆರು ಇಪ್ಪತ್ತಕ್ಕೆ ಕಾಯುತ್ತ ಕೂತರು. ಬಾಗಿಲಿನಿಂದ ಬಂದ ಬಿಸಿಲು ಅವರ ಮೊಣಕಾಲ ಮೇಲಿತ್ತು.

ನನ್ನ ಬೇಡಿಕೆ ಇಷ್ಟೇ. ಮುಂದಿನ ದ್ವಾದಶಿ ಆರು ಗಂಟೆಗೆ ಮುಂಚೆ ನಮ್ಮ ತಾರಸಿಗೆ ಬನ್ನಿ, ಗಡಿಯಾರ ತನ್ನಿ. ಆ ಹಾಳೆಗಳನ್ನು ಅಟ್ಟದಿಂದ ಇಳಿಸಿಟ್ಟಿದ್ದೇನೆ. ಅವಳೆದುರಿಗೇ ಆರು ನೋಟುಬುಕ್ಕುಗಳ ಮೇಲಿನ ಸಹಿಗೆ ಗೀಟು ಎಳೆದು, ಈ ಹಾಳೆಗಳ ಮೇಲೆ ‘ನೋಡಿದೆ’ ಎಂದಷ್ಟೇ ಬರೆಯಿರಿ. ನನ್ನ ಮಾತನ್ನು ಅವಳು ಇನ್ನು ನಂಬುವುದಿಲ್ಲ. ತಮ್ಮ ಪೆನ್ನನ್ನು ನಂಬಬಹುದು. ತಾವು ಬರುವುದಿಲ್ಲವೆಂದು ನನಗೆ ಗೊತ್ತು. ಬಂದರೂ ಅವಳು ತಾರಸಿ ಹತ್ತುತ್ತಾಳೆಂದು ಹೇಳಲಾರೆ.

ಇಂತಿ,
ಬಿಸಿಲು ಬಿದ್ದದ್ದನ್ನು ಕಂಡೂ, ಆರು ಇಪ್ಪತ್ತಾಗುವವರೆಗೆ ಬಾಯಿ ಬಿಡದೆ ಕೂತಿದ್ದ
ಉಪೇಂದ್ರ, ಕ್ರೋಂಪೇಟೆ
ಸೆಪ್ಟೆಂಬರ್ 2004