ವೀರಬಸಪ್ಪನವರನ್ನು ಬದುಕಿಸುವ ಇಲಾಖೆ ಯಾವುದು?

ಯೋಜನಾ ಇಲಾಖೆಯ ಮಾನ್ಯ ಕಾರ್ಯದರ್ಶಿಗಳೇ,

ಇಡೀ ದೇಶಕ್ಕೆ ನಂಬಿಕಸ್ಥ ಮಾಹಿತಿ ಬ್ಯಾಂಕ್ ಕಟ್ಟುವ ಯಜಮಾನಿಕೆ ಯಾರದೆಂದು ನಿಮಗೂ ಅಂಕಿಸಂಖ್ಯೆ ಇಲಾಖೆಗೂ ಕಂಪ್ಯೂಟರಿನವರಿಗೂ ಜಟಾಪಟಿ ನಡೆದಿದೆಯಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಸರ್ಕಾರದ ಹಳೆಯ ಚಾಳಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನ ತಕರಾರು ಬೇರೆ. ಶೆಟ್ಟಿಹಳ್ಳಿಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ವೀರಬಸಪ್ಪನವರು ನಿಮ್ಮ ಕಡತದಲ್ಲಿ ಸತ್ತಿದ್ದಾರೆ. ಕೊಂದವನು ನಾನೇ.

ನಾನು ಯಲಹಂಕದ ಶಾಲಾ ಮೇಷ್ಟ್ರು. ಕಳೆದ ವರ್ಷ, ಎಂಬತ್ತಮೂರರಲ್ಲಿ, ಪಾಠ ಬಿಡಿಸಿ ನನ್ನನ್ನು ರೇಷನ್ ಕಾರ್ಡಿನ ಮನೆಗಣತಿಗೆ ಅಟ್ಟಿದರು. ದಿನಕ್ಕೆ ಅರವತ್ತು ಮನೆ. ವೀರಬಸಪ್ಪ ಕಾರ್ಖಾನೆಗೆ ಹೋಗಿದ್ದರು. ಬಾಗಿಲಿಗೆ ಬಂದವರು ಗದಗದ ಕಡೆಯವರಾದ ಅವರ ಹೆಂಡತಿ ಈರವ್ವ. ಹಾಳೆಯ ಮೇಲೆ ಕಣ್ಣಿಟ್ಟೇ ಗಂಡನ ಹೆಸರು ಕೇಳಿದೆ. ಮತ್ತೆ ಕೇಳಿದರೆ ಸೆರಗಿನೊಳಗಿಂದ ಬಿಕ್ಕಿದಂಥ ಸದ್ದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಅವರ ಕಡೆಯ ಪದ್ಧತಿ; ಆಕೆ ನಾಚಿ ನಕ್ಕಿದ್ದರೆಂದು ನನಗೆ ತಿಳಿದದ್ದು ಆಮೇಲೆ. ನಾನು ಅಳುವೆಂದುಕೊಂಡು, ಪಾಪ, ಮುದ್ದಾದ ಅಕ್ಷರದಲ್ಲಿ ‘ವಿಧವೆ’ ಎಂದು ಬರೆದು ಪಕ್ಕದ ಮನೆಗೆ ನಡೆದೆ. ತಲೆಯೆತ್ತಿದ್ದರೆ ಕಾಸಗಲ ಕುಂಕುಮ ಕಾಣುತ್ತಿತ್ತು. ಆದರೆ ನಿಮ್ಮ ನಮೂನೆಯಲ್ಲಿ ಹಣೆ ನೋಡುವ ಕಾಲಂ ಎಲ್ಲಿದೆ?

ಕಾರ್ಡು ಬಂದ ಮೂರು ತಿಂಗಳಿಗೆ ವೀರಬಸಪ್ಪ ಶಾಲೆಗೆ ಬಂದರು. ಕೂಗಾಡಲಿಲ್ಲ. “ಮಾಸ್ತರ್, ನಾ ಸತ್ತದ್ದು ಇರ್ಲಿ ಬಿಡ್ರಿ. ವಿಧವಿ ಅಂತ ಬರದ ಈ ಕಾರ್ಡಿನ ಅಕ್ಕಿ ಒಲಿ ಮ್ಯಾಲ ಇಡಾಕ ಆಕಿ ಒಲ್ಲೆ ಅಂತಾಳ. ಹೆಚ್ಚಿನ ರೊಕ್ಕ ಕೊಟ್ಟು ತರೋ ಅಂಗಡಿ ಅಕ್ಕಿ ಎಲ್ಲಾರಿಗೂ ಸಾಲಂಗಿಲ್ಲ. ಆಕಿ ಒಂದ ಹೊತ್ತು ಉಣ್ತಾಳ,” ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರನ್ನೇ ಕರೆದುಕೊಂಡು ರೇಷನ್ ಕಚೇರಿಗೆ ಹೋದೆ. ಗಂಡ ಬದುಕಿರುವುದಕ್ಕೆ ಪ್ರಮಾಣಪತ್ರ ಬೇಕೆಂದರು. ಎದುರಿಗೇ ನಿಂತಿದ್ದಾರಲ್ಲ ಎಂದೆ. “ನಿಂತಿರೋದು ನಂಗೂ ಕಾಣತ್ತೆ ಮೇಷ್ಟ್ರೇ, ಫೈಲಿಗೆ ಕಾಣ್ಬೇಕಲ್ಲ,” ಎಂದರು ಗುಮಾಸ್ತರು. ಗಣತಿಯ ಹಾಳೆಗಳೆಲ್ಲ ಮಾಹಿತಿ ಬ್ಯಾಂಕಿಗೆಂದು ನಿಮ್ಮಲ್ಲಿಗೆ ಹೋಗಿವೆ ಎಂದೂ ಹೇಳಿದರು. ಅಲ್ಲಿಂದ ನಿಮ್ಮ ಕಚೇರಿಗೆ ಬಂದರೆ ಅಂಕಿಸಂಖ್ಯೆಯವರತ್ತ ಕೈ ತೋರಿಸಿದರು. ಅವರು ಕಂಪ್ಯೂಟರಿನವರತ್ತ ತೋರಿಸಿದರು. ಕಂಪ್ಯೂಟರಿನವರು, ಒಳಗೆ ಹೋದದ್ದು ಮೇಲಿನವರ ಆದೇಶವಿಲ್ಲದೆ ಹೊರಗೆ ಬಾರದೆಂದರು. ಯಜಮಾನಿಕೆಗೆ ಮೂವರು, ತಪ್ಪಿಗೆ ಒಬ್ಬರೂ ಇಲ್ಲ!

ಆದ್ದರಿಂದ ಸಮಿತಿ ಗಿಮಿತಿ ಬಿಡಿ. ಈ ಒಂದು ತಪ್ಪನ್ನು ಯಾರು ಮೊದಲು ತಿದ್ದುತ್ತಾರೋ ಬ್ಯಾಂಕಿನ ಯಜಮಾನಿಕೆ ಅವರಿಗೇ ಹೋಗಲಿ. ಬರೆದದ್ದನ್ನು ಮನೆಯವರಿಗೆ ಓದಿ ಹೇಳದೆ ಯಾವ ಮೇಷ್ಟ್ರೂ ಹೊಸ್ತಿಲು ದಾಟಬಾರದೆಂಬ ನಿಯಮವನ್ನೂ ಅವರೇ ತರಲಿ. ಹೊಸ ಕಾರ್ಡನ್ನು ಅಂಚೆಗೆ ಹಾಕಬೇಡಿ, ನೀವೇ ತಂದು ಈರವ್ವನವರ ಕೈಗೆ ಕೊಡಿ. ಬೇಗ ಬನ್ನಿ. ಆಕೆ ಇವತ್ತೂ ಒಂದೇ ಹೊತ್ತು ಉಂಡಿದ್ದಾರೆ.

ಇಂತಿ,
ಚೊಕ್ಕ ಅಕ್ಷರದಲ್ಲಿ ಸುಳ್ಳು ಬರೆದ
ಜಯಸಿಂಹ, ಶಾಲಾ ಮೇಷ್ಟ್ರು, ಯಲಹಂಕ